ಬಾಡಿದ ಮಾಲೆಯ ಸಾಕ್ಷಿ

ಗದಗಿನ ಫಕೀರಪ್ಪ ಕೊಪ್ಪದ ಅವರ ಮನೆಯಲ್ಲಿ ಮೂರು ಜೀವಗಳಿವೆ ಎಂದು ಓಣಿಯವರು ನಗೆಯಾಡುತ್ತಿದ್ದರು: ಫಕೀರಪ್ಪ, ಅವರ ಹೆಂಡತಿ ಸಾವಂತ್ರವ್ವ ಮತ್ತು ಪೆಟ್ಟಿಗೆ. ಪೆಟ್ಟಿಗೆ ಅಂದರೆ ಬಟ್ಟೆಬರೆ ಇಡುವಂಥದ್ದಲ್ಲ. ಹಿಂದಿನ ಕಾಲದಲ್ಲಿ ಟಾಕೀಸಿಗೆ ಸಿನಿಮಾದ ರೀಲು ತಗಡಿನ ಪೆಟ್ಟಿಗೆಯಲ್ಲಿ ಬರುತ್ತಿತ್ತಲ್ಲ, ಆ ಹೆಸರನ್ನೇ ಜನ ಮನೆಯೊಳಗಿನ ಈ ಕಂಪ್ಯೂಟರ್ ಸರ್ವರ್‌ಗೂ ಅಂಟಿಸಿದ್ದರು. ನೋಡಲು ಜೋಳದ ಡಬ್ಬಿಯಷ್ಟು; ಹೊಟ್ಟೆಯೊಳಗೆ ಮಾತ್ರ ಒಂದು ಮನೆತನ ಜನ್ಮವಿಡೀ ನೋಡಿದರೂ ಮುಗಿಯದಷ್ಟು ಸಿನಿಮಾ ಮತ್ತು ನಾಟಕ.

ಪೆಟ್ಟಿಗೆಯಲ್ಲಿ ಪ್ರತಿ ನಟನಿಗೂ ನಟಿಗೂ ಒಂದೊಂದು ಖಾನೆ. ಅದರಲ್ಲಿ ಅವರ ಫೋಟೋ, ಹೆಸರು, ಹುಟ್ಟೂರು, ಮಾಡಿದ ಪಾತ್ರಗಳು. ಹಳೆಯ ಚಿತ್ರಗಳ ಮಸುಕು ಮುಖಗಳನ್ನು ಪೆಟ್ಟಿಗೆ ಈ ಫೋಟೋ ನೋಡಿಯೇ ತಿದ್ದಿ ಹೊಸದಾಗಿ ಬರೆಯುತ್ತಿತ್ತು. ಫೋಟೋ ತಪ್ಪಿದ್ದರೆ ಸಿನಿಮಾದ ತುಂಬ ತಪ್ಪು ಮುಖವೇ ಓಡಾಡುವುದು. ದೊಡ್ಡ ನಾಯಕರ ಖಾನೆ ತಿದ್ದಲು ಊರಿಗೆ ಊರೇ ಇತ್ತು. ಆದರೆ ಕಂಪನಿ ನಾಟಕದಿಂದ ಬಂದು ಸಿನಿಮಾದಲ್ಲಿ ಅತ್ತೆ, ಸೋದರಮಾವ, ಪೊಲೀಸ್ ಪೇದೆ ಆಗಿ ಹೋದವರನ್ನು ಕೇಳುವವರು ಯಾರು? ಬಸ್ ಡಿಪೋದ ಕೆಲಸದಿಂದ ನಿವೃತ್ತರಾದ ಮೇಲೆ ಫಕೀರಪ್ಪ ಅದನ್ನೇ ವ್ರತವೆಂಬಂತೆ ಹಿಡಿದಿದ್ದರು. ಊರೂರು ಅಲೆದು ಫೋಟೋ ಹುಡುಕುವರು, ಹುಟ್ಟೂರು ಖಚಿತ ಮಾಡಿಕೊಳ್ಳುವರು, ಖಾನೆ ತಿದ್ದುವರು. ಅವರು ತಿದ್ದಿದ್ದರಲ್ಲಿ ಎಂದೂ ತಪ್ಪು ಸಿಕ್ಕಿರಲಿಲ್ಲವಾದ್ದರಿಂದ ಆ ಪೆಟ್ಟಿಗೆಗೆ 'ನಂಬಿಕಸ್ಥ' ಎಂಬ ಪದವಿ ದೊರೆತಿತ್ತು. ಫಕೀರಪ್ಪ ಬರೆದದ್ದನ್ನು ನಾಡಿನ ಉಳಿದ ಪೆಟ್ಟಿಗೆಗಳು ಮರುಮಾತಿಲ್ಲದೆ ತಮ್ಮೊಳಗೂ ಬರೆದುಕೊಳ್ಳುತ್ತಿದ್ದವು.

ಇಷ್ಟೇ ಆಗಿದ್ದರೆ ಕಥೆ ಇರುತ್ತಿರಲಿಲ್ಲ. ಪೆಟ್ಟಿಗೆಗೆ ಇನ್ನೊಂದು ವಿದ್ಯೆಯೂ ಬಂದಿತ್ತು: ಒಬ್ಬರ ಮುಖ ತೆಗೆದು ಇನ್ನೊಬ್ಬರಿಗೆ ಹಚ್ಚುವುದು, ಬೇಕಾದ ಮಾತು ಆಡಿಸುವುದು. ಕೊಪ್ಪಳದ ಕಡೆಯ ಅಳಿಯನೊಬ್ಬ ಮಾವನ ಒಪ್ಪಿಗೆ ಪಡೆದು, ತನಗೆ ಸಿಕ್ಕ ಎಲ್ಲ ಚಿತ್ರಗಳಲ್ಲೂ ಅವರನ್ನೇ ಖಳನಾಯಕ ಮಾಡಿ ನೋಡಿ ಸುಖವಾಗಿದ್ದ. ಅತಿರೇಕ ಆಗಬಾರದೆಂದು ಸರ್ಕಾರ ಕಾನೂನು ತಂದಿತು. ಬದುಕಿರುವ ಕಲಾವಿದರ ಮುಖಕ್ಕೆ ಬೀಗ. ಅವರ ಒಪ್ಪಿಗೆಯಿಲ್ಲದೆ ಯಾರೂ ಮುಟ್ಟುವಂತಿಲ್ಲ. ಸತ್ತ ಮೇಲೆ ತಮ್ಮ ಮುಖ ಏನಾಗಬೇಕೆಂದು ಇಚ್ಛೆ ಬರೆಸಿಟ್ಟರೆ ಅದರಂತೆ. ಬರೆಸದೆ ಸತ್ತರೆ ಬೀಗ ಬಿಚ್ಚುತ್ತದೆ, ಮುಖ ಊರ ಆಸ್ತಿ.

ಈ ಬೀಗಗಳನ್ನು ಕಾಯುವ ಹುಬ್ಬಳ್ಳಿಯ ಮುಖಬೀಗ ಕೇಂದ್ರದಲ್ಲಿ ಫಕೀರಪ್ಪನವರ ಮಗಳು ಸಿಂಚನಾ ಇಂಜಿನಿಯರ್. ಯಾರು ಸತ್ತರು, ಯಾರು ಇದ್ದಾರೆ ಎಂಬುದನ್ನು ಪೆಟ್ಟಿಗೆಗಳಿಗೆ ಕಲಿಸಿದವಳು ಅವಳೇ. ದುಃಖದಲ್ಲಿರುವ ಮನೆಯವರು ಮರಣದ ತಾರೀಖು ತುಂಬುತ್ತಾ ಕೂರುವುದಿಲ್ಲ, ಫೋಟೋ ಬದಲಿಸುತ್ತಾರೆ ಎಂದು ಅವಳು ಕಂಡುಕೊಂಡಿದ್ದಳು. ಚೌಕಟ್ಟು, ಅದಕ್ಕೊಂದು ಮಾಲೆ, ಗಾಜಿನ ಮೇಲೆ ವಿಭೂತಿ ಕುಂಕುಮ, ಮುಂದೆ ದೀಪ. ಇವಿಷ್ಟೂ ಕಂಡರೆ ಆ ವ್ಯಕ್ತಿ ಇನ್ನಿಲ್ಲ. 'ಮಾಲೆ ನಿಯಮ' ಎಂದು ಅದಕ್ಕೆ ಹೆಸರಾಯಿತು, ಅವಳಿಗೆ ಶಾಲು ಹೊದಿಸಿ ಸನ್ಮಾನವೂ ಆಯಿತು.

ಆ ವರ್ಷ ನವಮಿಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಸಿಂಚನಾ ಊರಿಗೆ ಬಂದಿದ್ದಳು. ಸಾವಂತ್ರವ್ವನ ಖಂಡೇಪೂಜೆ ಎಂದರೆ ಈಳಿಗೆಯಿಂದ ಹಿಡಿದು ಮಿಕ್ಸಿಯವರೆಗೆ ಯಾರಿಗೂ ವಿನಾಯಿತಿ ಇಲ್ಲ. ಫಕೀರಪ್ಪ ಬೆಳಿಗ್ಗೆಯಿಂದ ಪೆಟ್ಟಿಗೆಯ ಮುಂದೆ ಕೂತು ಪಾರಿಜಾತಾ ಸವಣೂರ ಅವರ ಖಾನೆ ತೆರೆದುಕೊಂಡಿದ್ದರು. ಪಾರಿಜಾತಾ ಎಂದರೆ ಒಂದು ಕಾಲಕ್ಕೆ ಸೊಸೆಯಂದಿರು ಹಲ್ಲು ಕಡಿಯುತ್ತಿದ್ದ ಘಟವಾಣಿ ಅತ್ತೆ. ಈಗ ಬೆಟಗೇರಿಯಲ್ಲಿ ಸೊಸೆಯ ಜೊತೆ ಇದ್ದ ಹಿರಿಯ ಜೀವ. ಅವರದೊಂದು ಒಳ್ಳೆಯ ಫೋಟೋ ಸಿಕ್ಕಿತ್ತು. ಪರದೆಯ ತುಂಬ ಆ ಮುಖವೇ ಇತ್ತು.

"ಏಳ್ರಿ ಸಾಕು, ಪೂಜಿ ಆಗೂತನಕಾ ಆ ಪೆಟಗಿ ಮುಟ್ಟಬ್ಯಾಡ್ರಿ," ಎಂದು ಸಾವಂತ್ರವ್ವ ಗಂಡನನ್ನು ಎಬ್ಬಿಸಿದಳು. ಪೆಟ್ಟಿಗೆ ಒರೆಸಿ ವಿಭೂತಿ ಹಚ್ಚಿದಳು. ಪರದೆಗೆ ಫಕೀರಪ್ಪ ಆಸೆಪಟ್ಟು ಸಾಗುವಾನಿಯ ಚೌಕಟ್ಟು ಮಾಡಿಸಿದ್ದರು. ಅದಕ್ಕೊಂದು ಚೆಂಡುಹೂವಿನ ಮಾಲೆ ಇಳಿಬಿಟ್ಟಳು. ಹೂವು ಕಡಿಮೆ ಬಿದ್ದಿದ್ದರಿಂದ ಅಲ್ಲಲ್ಲಿ ಬಿಳಿ ಸೇವಂತಿಗೆ, ಅದೂ ಸಾಲದೆ ಒಂದು ಕಡೆ ಕೆಂಪು ಕಣಗಿಲೆ ಪೋಣಿಸಿದ್ದಳು. ಗಾಜಿಗೂ ಕುಂಕುಮ ಬಿತ್ತು, ಮುಂದೆ ದೀಪ ಬೆಳಗಿತು.

"ಛಲೋ ಕಾಣಸ್ತೈತಿ. ನನ್ನ ಫೋನಿನ್ಯಾಗ ಒಂದ್ ಫೋಟೋ ಹೊಡಿವಾ," ಎಂದರು ಫಕೀರಪ್ಪ. ಸಿಂಚನಾ ಹೊಡೆದಳು. ಆ ಫೋನಿನಲ್ಲಿ ತೆಗೆದದ್ದೆಲ್ಲ ಪೆಟ್ಟಿಗೆಯಲ್ಲಿ ತೆರೆದಿರುವ ಖಾನೆಗೆ ತಾನಾಗಿ ಹೋಗಿ ಬೀಳುವಂತೆ ಅವಳೇ ಹಿಂದೊಮ್ಮೆ ಜೋಡಿಸಿ ಕೊಟ್ಟಿದ್ದಳು. ಅಪ್ಪನಿಗೆ ಅನುಕೂಲವಾಗಲಿ ಎಂದು. ಹೋಳಿಗೆ ಉಂಡು ಸಂಜೆಯ ರೈಲಿಗೆ ಹುಬ್ಬಳ್ಳಿಗೆ ಮರಳಿದಳು.

ಮರುದಿನ ವಿಜಯದಶಮಿ. ರಜೆಯ ಪಾಳಿಯಲ್ಲಿ ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಸಿಂಚನಾ ಮತ್ತು ಅವಳ ಸಹಾಯಕ ದಸ್ತಗೀರ ನದಾಫ ಇಬ್ಬರೇ. ಗೋಡೆಯಗಲದ ಪರದೆಯ ಮೇಲೆ ಬೀಗ ಬಿಚ್ಚಿದ ಮುಖಗಳು ಕೆಂಪು ಚುಕ್ಕೆಯಾಗಿ ಕಾಣುತ್ತವೆ. ಅಂದು ಒಂದು ಚುಕ್ಕೆ ಹುಣ್ಣಿನಂತೆ ಊದಿಕೊಳ್ಳುತ್ತಿತ್ತು.

"ಮೇಡಂ, ಯಾರೋ ಹಳೇ ಕಲಾವಿದೆ ತೀರಿಕೊಂಡಾರ. ಮಂದಿ ಮುಗಿಬಿದ್ದಾರ ನೋಡ್ರಿ," ಎಂದ ದಸ್ತಗೀರ.

ಹೆಸರು ನೋಡಿ ಸಿಂಚನಾ ಅಯ್ಯೋ ಅಂದಳು. ನಿನ್ನೆಯಷ್ಟೇ ಅಪ್ಪ ಅವರ ಫೋಟೋ ಸರಿಮಾಡುತ್ತಿದ್ದರಲ್ಲ! ಸಾಕ್ಷಿ ಯಾವ ಮನೆಯದೆಂದು ನೋಡಲು ಫೋಟೋ ತೆರೆದಳು. ಸಾಗುವಾನಿಯ ಚೌಕಟ್ಟು. ಚೆಂಡುಹೂ, ಸೇವಂತಿಗೆ, ಒಂದು ಕಣಗಿಲೆ. ಗಾಜಿನ ಮೂಲೆಯಲ್ಲಿ ಫೋನು ಹಿಡಿದ ಅವಳದೇ ನೆರಳು. ನಿನ್ನೆ ತಾನೇ ಹೊಡೆದ ಪೂಜೆಯ ಫೋಟೋ, ತೆರೆದೇ ಇದ್ದ ಪಾರಿಜಾತಾ ಅವರ ಖಾನೆಗೆ ಹೋಗಿ ಬಿದ್ದಿತ್ತು.

ನಂಬಿಕಸ್ಥ ಪೆಟ್ಟಿಗೆಯ ಮಾತು ಬೇರೆ. ನಿನ್ನೆ ಸಂಜೆಯೇ ಸುದ್ದಿ ಮನೆಮನೆ ಸೇರಿತ್ತು. ಅತ್ತೆಯಂದಿರಿಂದ ಬೇಸತ್ತ ಸೊಸೆಯಂದಿರು ಎಷ್ಟು ವರ್ಷದಿಂದ ಕಾದಿದ್ದರೋ ಏನೋ. ಒಂದು ಮನೆಯವರು ಪಾರಿಜಾತಾ ಅವರ ಕೈಲಿ ಮುಸುರೆ ತಿಕ್ಕಿಸಿದ್ದರು. ಇನ್ನೊಬ್ಬರು ಹಪ್ಪಳದ ಜಾಹೀರಾತು ಮಾಡಿಸಿದ್ದರು. ಎಲ್ಲಕ್ಕಿಂತ ಹೆಚ್ಚು ಓಡಾಡುತ್ತಿದ್ದುದು ಒಂದು ತುಣುಕು: ಆ ಗತ್ತಿನ ಮುಖ ಸೊಸೆಯ ಕಾಲಿಗೆ ಬಿದ್ದು, ಗಳಗಳ ಅತ್ತು, ತಪ್ಪಾಯಿತು ಎಂದು ಬೇಡಿಕೊಳ್ಳುತ್ತಿತ್ತು. ಸಿಂಚನಾಳಿಗೆ ಅದನ್ನು ಪೂರ್ತಿ ನೋಡಲಾಗಲಿಲ್ಲ.

ಬೆಟಗೇರಿಗೆ ಫೋನ್ ಮಾಡಿದಳು. ಸೊಸೆ ಎತ್ತುತ್ತಾಳೆ ಅಂದುಕೊಂಡಿದ್ದಳು.

"ಯಾರು?" ಎಂದಿತು ತಂತಿಯಂಥ ಧ್ವನಿ.

"ಅಜ್ಜಿ... ನೀವು... ಆರಾಮ ಅದೀರೇನ್ರಿ?"

"ಮುಂಜಾನಿಂದ ಎಲ್ಲಾರೂ ಇದನ್ನ ಕೇಳಾಕತ್ತೀರಿ. ಸತ್ತೋರು ಫೋನ್ ಎತ್ತಬಾರದಂತ ಕಾನೂನು ಐತೇನವಾ?"

ಬದುಕಿದ್ದಾರೆ! ಆದರೆ ಆ ನೆಮ್ಮದಿ ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಉಳಿಯಲಿಲ್ಲ. ಕೇಂದ್ರದವರು ತಾವಾಗಿ ಯಾರನ್ನೂ ಸಾಯಿಸುವಂತಿಲ್ಲ, ಬದುಕಿಸುವಂತೆಯೂ ಇಲ್ಲ. ಅವರ ಕೈ ಬೆಚ್ಚಗೆ ಮಾಡಿ ಬೀಗ ಬಿಚ್ಚಿಸುವವರು ಹುಟ್ಟಿಕೊಳ್ಳಬಾರದೆಂದು ಕಾನೂನೇ ಹಾಗಿತ್ತು. ತಹಶೀಲ್ದಾರರ ಪತ್ರ ತರೋಣವೆಂದರೆ ದಸರಾ ರಜೆ. ಪೆಟ್ಟಿಗೆಗಳು ದಿನಾ ದೀಪ ಹಚ್ಚುವ ಹೊತ್ತಿಗೆ ಒಂದರೊಡನೊಂದು ಮಾತಾಡಿಕೊಳ್ಳುತ್ತವೆ. ಮೊದಲ ಸಂಜೆ ಬಂದದ್ದು ಸುದ್ದಿ. ಎರಡನೆಯ ಸಂಜೆಯೂ ಅದು ಸುಳ್ಳಾಗದಿದ್ದರೆ ಸತ್ಯವೆಂದೇ ಗಟ್ಟಿಯಾಗುತ್ತದೆ. ಆಮೇಲೆ ತಹಶೀಲ್ದಾರರಲ್ಲ, ಯಮನೇ ಪತ್ರ ಕೊಟ್ಟರೂ ಮನೆಮನೆ ಸೇರಿದ ಮುಖವನ್ನು ವಾಪಸು ತರಲಾಗುವುದಿಲ್ಲ.

"ಅಜ್ಜೀನ ಕ್ಯಾಮೆರಾ ಮುಂದ ಕೂಡಿಸಿ ಮಾತಾಡ್ಸೋಣಲ್ರಿ? ಆತಲ್ಲ!" ಎಂದ ದಸ್ತಗೀರ.

ಮಾಡಿ ನೋಡಿದರು. ಸೊಸೆಯ ಫೋನಿನಲ್ಲಿ ಪಾರಿಜಾತಾ ಗಟ್ಟಿಯಾಗಿ, "ನಾ ಜೀವಂತ ಅದೀನಿ, ಮೂರ್ಖ ಪೆಟಗಿ," ಎಂದರು. ಪೆಟ್ಟಿಗೆ ಕ್ಷಣದಲ್ಲಿ ತೀರ್ಪು ಕೊಟ್ಟಿತು: ವ್ಯಕ್ತಿ ಮರಣ ಹೊಂದಿದ್ದಾರೆ, ಆದ್ದರಿಂದ ಈ ವಿಡಿಯೋ ಯಂತ್ರ ಮಾಡಿದ್ದು. ಅದರ ತಪ್ಪೇನೂ ಇರಲಿಲ್ಲ. ಸತ್ತವರು ಮಾತಾಡುವ ವಿಡಿಯೋಗಳು ಅಂದು ಬೆಳಿಗ್ಗೆಯಿಂದ ಸಾವಿರಾರು ಬಂದಿದ್ದವು, ಇದೂ ಅದರಲ್ಲೊಂದು.

"ನಿನ್ನೆಯ ಫೋಟೋ ಅಳಿಸಿಬಿಟ್ಟರ?"

"ಸಾಕ್ಷಿ ಹೇಳಿದ ಮ್ಯಾಲೆ ಹಿಂದ ತಗೊಳ್ಳಾಕ ಬರೂದಿಲ್ಲ, ದಸ್ತಗೀರ. ಅದ ಪೆಟಗಿ ಹೊಸಾ ಸಾಕ್ಷಿ ಹೇಳಬೇಕು. ಆ ಫೋಟೋ ಆದ ಮ್ಯಾಲೂ ಅವರು ಇದ್ರು ಅಂತ ಫೋಟೋದಾಗ ಕಾಣಬೇಕು. ತಾರೀಖು ನಂಬೂದಿಲ್ಲ ಅದು, ಯಾರ ಬೇಕಾದ್ರೂ ತಿದ್ದತಾರಂತ." ನಿಯಮವನ್ನು ಇಷ್ಟು ಬಿಗಿಯಾಗಿ ಕಟ್ಟಿದವಳೂ ಅವಳೇ ತಾನೆ. ತಾನು ಹೆಣೆದ ಬಲೆಗೆ ತಾನೇ ಬಿದ್ದಂತಾಗಿತ್ತು. ನಿಯಂತ್ರಣ ಕೋಣೆಯನ್ನು ದಸ್ತಗೀರನಿಗೆ ಒಪ್ಪಿಸಿ ಅವಳು ಸ್ಟೇಷನ್ನಿಗೆ ಓಡಿದಳು.

ಗದಗಿನ ಮನೆಯಲ್ಲಿ ಹಬ್ಬದ ಕಳೆ ಇರಲಿಲ್ಲ. ಫಕೀರಪ್ಪ ಆಟೋ ಮಾಡಿಕೊಂಡು ಹೋಗಿ ಪಾರಿಜಾತಾ ಅವರನ್ನೂ ಸೊಸೆ ಶೈಲಾಳನ್ನೂ ಕರೆತಂದು ಕೂರಿಸಿದ್ದರು. ತಾವು ಮಾತ್ರ ಮೂಲೆಯಲ್ಲಿ ನಿಂತಿದ್ದರು, ಕೂರುವ ಧೈರ್ಯವಿಲ್ಲದೆ. ಸಾವಂತ್ರವ್ವ ಅಡುಗೆಮನೆಯಿಂದ ಈಚೆಗೇ ಬಂದಿರಲಿಲ್ಲ.

"ಹೊರಗ ಬಾರವಾ," ಎಂದು ಪಾರಿಜಾತಾ ಕೂಗಿದರು. "ನನಗ ಮಾಲಿ ಹಾಕಿದಾಕಿ ಮಾರಿ ನೋಡಬೇಕು."

ಸಾವಂತ್ರವ್ವ ಸೆರಗು ಬಾಯಿಗಿಟ್ಟುಕೊಂಡೇ ಬಂದಳು. "ಕೈ ಮುರಕೊಳ್ಳಲಿ ನಂದು. ಜೀವಂತ ಇದ್ದೋರ ಫೋಟೋಕ್ಕ ಮಾಲಿ ಹಾಕಿದ್ನೆಲ್ರಿ ಬಾಯಾರ. ನಾ ಪೆಟಗಿಗೆ ಹಾಕಿದ್ದು, ನಿಮಗಲ್ಲ."

"ಸತ್ತ ಸುದ್ದಿ ಬಂದ್ರ ಆಯುಷ್ಯ ಹೆಚ್ಚತೈತಂತ. ಅದಕ್ಕ ಅಳಬ್ಯಾಡ," ಎಂದರು ಪಾರಿಜಾತಾ. ಆದರೆ ಸಿಂಚನಾಳ ಕಡೆ ತಿರುಗಿದಾಗ ಅವರ ಮುಖದಲ್ಲಿ ತಮಾಷೆ ಇರಲಿಲ್ಲ. "ಶೈಲಾನ ಫೋನಿನ್ಯಾಗ ನೋಡಿದೆ. ಅಳೂದು. ಕಾಲಿಗಿ ಬೀಳೂದು. ಮುಸುರಿ ತಿಕ್ಕಸ್ಲಿ, ಹಪ್ಪಳಾ ಮಾರಸ್ಲಿ, ನಕ್ಕು ಬಿಡತೀನಿ. ಅಳಸಿದ್ದು ತಡಕೊಳ್ಳಾಕ ಆಗವಲ್ದು. ನಮ್ಮವ್ವ ಕಂಪನಿಯೊಳಗ ದಿನಾ ಅಳೂ ಪಾತ್ರ ಮಾಡ್ತಿದ್ಲು. ಮಂದಿ ಶಿಳ್ಳಿ ಹೊಡದು ಇನ್ನೊಮ್ಮೆ ಅಳು ಅಂತಿದ್ರು, ಆಕಿ ಇನ್ನೊಮ್ಮೆ ಅಳತಿದ್ಲು. ನಮ್ಮಪ್ಪ ಸತ್ತ ದಿನಾ ಆಕಿ ಕಣ್ಣಾಗ ಒಂದು ಹನಿ ಬರಲಿಲ್ಲ. ಎಲ್ಲಾ ಖರ್ಚಾಗಿತ್ತು. ಅವತ್ತ ಆಣಿ ಮಾಡಿದೆ ನಾ, ಈ ಮುಖ ಮಂದಿ ಮುಂದ ಅಳೂದಿಲ್ಲಂತ. ಅದಕ್ಕ ಜನಮ ಪೂರ್ತಿ ಬೈಯೂ ಪಾತ್ರಾನ ಮಾಡಿದೆ. ಹೆಂಗರ ಮಾಡಿ ಇದನ್ನ ನಿಂದರಸು ತಂಗಿ."

ಬಿಸಿಲು ಆಗಲೇ ಅಂಗಳದಾಚೆಗೆ ಸರಿದಿತ್ತು. ಪೆಟ್ಟಿಗೆಯ ಪರದೆ ಖಾಲಿಯಾಗಿತ್ತು; ಚೌಕಟ್ಟಿನ ಮೊಳೆಗೆ ಒಂದು ತುಂಡು ದಾರ ಮಾತ್ರ ಸಿಕ್ಕಿಕೊಂಡಿತ್ತು. ಸಿಂಚನಾ ಆ ದಾರವನ್ನೇ ನೋಡುತ್ತಾ ನಿಂತಳು. ನಿನ್ನೆ ತಾಜಾ ಇದ್ದ ಹೂವು ಇಂದು ಹೇಗಿರಬೇಕು? ಬಾಡಿರಬೇಕು. ಹೂವಿನ ತಾರೀಖನ್ನು ಯಾರು ತಿದ್ದಬಲ್ಲರು?

"ಅವ್ವಾ, ಮಾಲಿ ಎಲ್ಲೆ?"

"ಮುಂಜಾನೆ ತೆಗೆದೆ. ಪೂಜಿ ಹೂವು ಕಸದಾಗ ಚೆಲ್ಲಬಾರದಲ್ಲ, ಹಿತ್ತಲ ದಾಸವಾಳದ ಬುಡಕ್ಕ ಹಾಕೀನಿ."

ಎಲ್ಲರೂ ಹಿತ್ತಲಿಗೆ ಓಡಿದರು. ದಾಸವಾಳದ ಬುಡದಲ್ಲಿ ಪಕ್ಕದ ಮನೆಯ ಆಡು ನೆಮ್ಮದಿಯಾಗಿ ಮೆಲುಕು ಹಾಕುತ್ತಿತ್ತು. ಬಾಯಿಂದ ಒಂದು ಎಳೆ ದಾರ ಜೋತಾಡುತ್ತಿತ್ತು. ಸಾವಂತ್ರವ್ವ ಕೂಗಿದ ಕೂಗಿಗೆ ಆಡಲ್ಲ, ಓಣಿಯೇ ಬೆಚ್ಚಿತು. ಫಕೀರಪ್ಪ ಅದರ ಕೊರಳು ಹಿಡಿದರು, ಶೈಲಾ ಬಾಯಿಂದ ದಾರ ಎಳೆದಳು. ಉಳಿದದ್ದು ಅರ್ಧ ಮಾಲೆ, ಮಣ್ಣು ಮೆತ್ತಿದ್ದು, ಇರುವೆ ಹತ್ತಿದ್ದು.

ಸಿಂಚನಾ ದಸ್ತಗೀರನಿಗೆ ಫೋನಿನಲ್ಲಿ ತೋರಿಸಿದಳು. "ಅರ್ಧಾನ ಐತಿ. ಇದು ನಿನ್ನೀದ ಮಾಲಿ ಅಂತ ಗುರ್ತು ಹಿಡಿತೈತೇನು?"

ದಸ್ತಗೀರ ಫೋಟೋ ದೊಡ್ಡದು ಮಾಡಿ ನೋಡಿದ. "ಬರೇ ಚೆಂಡುಹೂ ಇದ್ದಿದ್ರ ಕಷ್ಟ ಇತ್ತು ಮೇಡಂ, ಇವತ್ತ ಊರ ತುಂಬ ಅವ ಮಾಲಿ. ಕಣಗಿಲ ಉಳದೈತೇನು ನೋಡ್ರಿ."

ಸಾವಂತ್ರವ್ವ ಮಣ್ಣು ಜಾಡಿಸಿದಳು. ಎರಡು ಸೇವಂತಿಗೆಯ ನಡುವೆ ಸುರುಟಿಕೊಂಡ ಒಂದು ಕೆಂಪು ಕಣಗಿಲೆ ಇತ್ತು. ಆಡುಗಳು ಕಣಗಿಲೆ ಮುಟ್ಟುವುದಿಲ್ಲ, ಅದು ವಿಷ. ಹೂವು ಸಾಲದೆ ಸಿಕ್ಕಿದ್ದು ಪೋಣಿಸಿದೆನಲ್ಲ ಎಂದು ನಿನ್ನೆ ನಾಚಿಕೊಂಡಿದ್ದ ಸಾವಂತ್ರವ್ವ ಈಗ ಆ ಹೂವನ್ನು ಕಣ್ಣಿಗೊತ್ತಿಕೊಂಡಳು.

ಪರದೆಯ ಮೇಲೆ ನಿನ್ನೆಯ ಫೋಟೋ ಮತ್ತೆ ತೆರೆದರು: ಚೌಕಟ್ಟು, ತಾಜಾ ಮಾಲೆ, ಕುಂಕುಮ, ದೀಪ. ಅದರ ಪಕ್ಕಕ್ಕೆ ಪಾರಿಜಾತಾ ಅವರನ್ನು ಕುರ್ಚಿ ಹಾಕಿ ಕೂರಿಸಿದರು. ಬಾಡಿದ ಮಾಲೆಯನ್ನು ಅವರ ಕೈಗೆ ಕೊಡಲು ಸಿಂಚನಾಳಿಗೆ ಮನಸ್ಸು ಬರಲಿಲ್ಲ. ಎಂಥವರಿಗೂ ತಮ್ಮ ಸಾವಿನ ಮಾಲೆ ಮುಟ್ಟಲು ಮೈ ಜುಂ ಎನ್ನದೆ ಇರದು. ಪಾರಿಜಾತಾ ಒಂದು ಗಳಿಗೆ ಅದನ್ನು ನೋಡಿದರು. ಆಮೇಲೆ ತಾವೇ ಕೈಚಾಚಿ ತೆಗೆದುಕೊಂಡು ಕೊರಳಿಗೆ ಹಾಕಿಕೊಂಡರು. ಎಷ್ಟೋ ಸಭೆಗಳಲ್ಲಿ ಸನ್ಮಾನ ಮಾಡಿಸಿಕೊಂಡ ಅಭ್ಯಾಸ. ಹಾಕಿಕೊಂಡ ಮರುಕ್ಷಣವೇ ಕೊರಳಿಂದ ತೆಗೆದು ಕೈಯಲ್ಲಿ ಹಿಡಿದು, ಗತ್ತಿನಿಂದ ಕತ್ತೆತ್ತಿ ನಕ್ಕರು.

ಅದೇ ಕ್ಷಣಕ್ಕೆ ಫಕೀರಪ್ಪ ಫೋಟೋ ಹೊಡೆದರು.

ಇನ್ನು ಕಾಯುವುದೊಂದೇ ಕೆಲಸ. ಓಣಿಯಲ್ಲಿ ಬನ್ನಿ ಹಂಚಲು ಹೊರಟ ಜನರ ಮಾತು ಕೇಳುತ್ತಿತ್ತು. ಅತ್ತ ಹುಬ್ಬಳ್ಳಿಯ ನಿಯಂತ್ರಣ ಕೋಣೆಯಿಂದ ದಸ್ತಗೀರ ಕ್ರಿಕೆಟ್ ಕಾಮೆಂಟರಿ ಹೇಳುವವನಂತೆ ವರದಿ ಒಪ್ಪಿಸುತ್ತಿದ್ದ. "ಫೋಟೋ ಬಂತ್ರಿ. ಮಾಲಿ ಹೋಲಸಿ ನೋಡಾಕತ್ತೈತಿ. ಸೇವಂತಿಗಿ ಕೂಡ್ತು. ಕಣಗಿಲ ಕೂಡ್ತು, ಅದ ಮಾಲೀನ ಅಂತಂತು! ಈಗ ಹೂವು ಎಷ್ಟು ಬಾಡ್ಯಾವ ಅಂತ ಅಳ್ಯಾಕತ್ತೈತಿ..." ಫಕೀರಪ್ಪ ಕಣ್ಣು ಮುಚ್ಚಿ ಶಿರಹಟ್ಟಿಯ ಸ್ವಾಮಿಯನ್ನು ನೆನೆದರು. ಬಾಗಿಲಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಸಾವಂತ್ರವ್ವ ಕಡ್ಡಿಪೆಟ್ಟಿಗೆ ಹಿಡಿದವಳು ಗೀರದೆ ನಿಂತಿದ್ದಳು, ತಾನು ತಡ ಮಾಡಿದರೆ ಸಂಜೆಯೂ ತಡವಾದೀತು ಎಂಬಂತೆ.

"ಮೇಡಂ! ಚುಕ್ಕಿ ಹಸರಾತು! ಬೀಗ ಬಿತ್ತು!"

ಮನೆಯಲ್ಲಿ ಯಾರು ಮೊದಲು ಕೂಗಿದರೋ ಗೊತ್ತಿಲ್ಲ. ಸಿಂಚನಾ ಅವ್ವನನ್ನು ತಬ್ಬಿಕೊಂಡಳು. ಅಳುವ ಮುಖದ ಆ ತುಣುಕು ಶೈಲಾಳ ಫೋನಿನಲ್ಲಿ ಕಣ್ಣೆದುರೇ ಮಂಕಾಗಿ, ಮಾಯವಾಗಿ, ಅದರ ಜಾಗದಲ್ಲಿ ಬೀಗದ ಗುರುತು ಮೂಡಿತು.

ಪಾರಿಜಾತಾ ಮಾತ್ರ ಅಲುಗಲಿಲ್ಲ. "ಫಕೀರಪ್ಪ, ಆ ಕ್ಯಾಮೆರಾ, ಫೋನು ಎಲ್ಲಾ ಬಂದ್ ಮಾಡು," ಎಂದರು. ಎಲ್ಲವೂ ಬಂದಾದ ಮೇಲೆ ಸೊಸೆಯ ಹೆಗಲಿಗೆ ಮುಖವಿಟ್ಟು ಅತ್ತರು, ಮನಸಾರೆ, ತಮ್ಮ ಪಾಲಿನದನ್ನೂ ಅವ್ವನ ಪಾಲಿನದನ್ನೂ ಸೇರಿಸಿ. ಶೈಲಾ ಬೆನ್ನು ಸವರುತ್ತಿದ್ದಳು. ಸಾವಂತ್ರವ್ವ ಆಗ ಹೋಗಿ ದೀಪ ಹಚ್ಚಿದಳು.

ಪಾರಿಜಾತಾ ಕಣ್ಣೊರೆಸಿಕೊಂಡ ಮೇಲೆ ಸಿಂಚನಾ ಬಿಡಲಿಲ್ಲ. "ಅಜ್ಜಿ, ಈಗಿಂದೀಗ ನಿಮ್ಮ ಇಚ್ಛಾ ಬರಸ್ರಿ. ನಿಮ್ಮ ಮುಖ ಯಾರಿಗೂ ಕೊಡೂದಿಲ್ಲ ಅಂತ ಹೇಳ್ರಿ, ಕಾಯಂ ಬೀಗ ಹಾಕತೀನಿ."

ಪಾರಿಜಾತಾ ಕೈ ಅಡ್ಡ ಆಡಿಸಿದರು. "ಬ್ಯಾಡ. ಹಿಂಗ ಬರಿ. ನಾ ಹೋದ ಮ್ಯಾಲೆ, ಮನಿಯೊಳಗ ಯಾರಿಗೂ ತಿರುಗಿ ಮಾತಾಡಾಕ ಧೈರ್ಯ ಇಲ್ಲದಾಕಿ ಯಾರರ ಇದ್ರ, ನನ್ನ ಮುಖಾ ತಗೊಂಡು ಬಾಯಿತುಂಬ ಬೈಲಿ. ಬೈಸೂದಾದ್ರ ಎಷ್ಟರ ಬೈಸ್ರಿ, ಅಳಸಬ್ಯಾಡ್ರಿ."

ಸಿಂಚನಾ ಹಾಗೆಯೇ ಬರೆದಳು. ಮಾಲೆ ನಿಯಮಕ್ಕೂ ಅಂದೇ ಒಂದು ಸಾಲು ಸೇರಿತು: ಮಾಲೆ ಕೊರಳಲ್ಲೇ ಉಳಿದವರು ಹೋದವರು, ತೆಗೆದು ಕೈಯಲ್ಲಿ ಹಿಡಿದವರು ಇರುವವರು. ಸಾವಂತ್ರವ್ವ ತಟ್ಟೆಯಲ್ಲಿ ಬನ್ನಿ ತಂದು, "ಬಂಗಾರ ತಗೊಂಡು ಬಂಗಾರಧಂಗ ಇರೋಣ್ರಿ ಬಾಯಾರ," ಎಂದು ಕಾಲಿಗೆ ನಮಸ್ಕರಿಸಿದಳು. ಪಾರಿಜಾತಾ ಬನ್ನಿ ತೆಗೆದುಕೊಂಡು ಅವಳ ಕೆನ್ನೆ ಹಿಂಡಿದರು.

ಫಕೀರಪ್ಪ ಪೆಟ್ಟಿಗೆಯ ಮುಂದೆ ಕೂತು ಖಾನೆ ತೆರೆದಿದ್ದರು. ಬಾಡಿದ ಅರ್ಧ ಮಾಲೆ ಹಿಡಿದು ನಗುವ ಫೋಟೋವನ್ನೇ ಖಾಯಂ ಮಾಡಿದರು. ನಾಡಿನ ಮನೆಮನೆಗೂ ಆ ಸಂಜೆ ಹೋದದ್ದು ಅದೇ ಮುಖ. ಕೆಳಗೆ ಮರಣದ ಸಾಲು ಖಾಲಿ ಇತ್ತು. ಇನ್ನೊಮ್ಮೆ ಪೆಟ್ಟಿಗೆ ತಾನಾಗಿ ಏನಾದರೂ ತುಂಬಿಬಿಟ್ಟರೆ ಎಂದು ಅವರಿಗೆ ದಿಗಿಲು.

"ಇಲ್ಲೆ ಏನ್ ಬರೀಲ್ರಿ ಬಾಯಾರ?"

ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಪಾರಿಜಾತಾ ತಿರುಗಿಯೂ ನೋಡಲಿಲ್ಲ. "ಸದ್ಯಕ್ಕ ಪುರಸೊತ್ತಿಲ್ಲ ಅಂತ ಬರಿ."

ಫಕೀರಪ್ಪ ಬರೆದರು. ನಂಬಿಕಸ್ಥ ಪೆಟ್ಟಿಗೆಯ ಮಾತು ಬೇರೆ. ಉಳಿದ ಪೆಟ್ಟಿಗೆಗಳೆಲ್ಲ ಮರುಮಾತಿಲ್ಲದೆ ಅದನ್ನೂ ಬರೆದುಕೊಂಡವು.